ಕೊಳೆ ಔಷಧಿಯ ಸರದಿ: ಒಂದು ಕಣಿವೆ, ಎರಡು ತೀರ್ಮಾನ
ಕಂಪ್ಯೂಟರ್ ನೆರವಿನ ಗುಂಪು ತೀರ್ಮಾನದಲ್ಲಿ ಸಮಾನ ತಿಳಿವಳಿಕೆ ರೂಪುಗೊಳ್ಳುವ ಬಗೆ: ಒಂದು ಪ್ರಕರಣ ಅಧ್ಯಯನ

ಹೊಸನಗರ ತಾಲ್ಲೂಕಿನ ಒಂದು ಕಣಿವೆಯಲ್ಲಿ, ಒಂದೇ ಹಳ್ಳದ ಎರಡೂ ದಡಗಳಿಗೆ ಅಂಟಿಕೊಂಡು ಸುಮಾರು ಇಪ್ಪತ್ತು ಮನೆಗಳ ಅಡಿಕೆ ತೋಟಗಳಿವೆ. ಒಬ್ಬರ ತೋಟ ಮುಗಿದು ಇನ್ನೊಬ್ಬರದು ಶುರುವಾಗುವಲ್ಲಿ ಇರುವುದು ಒಂದು ಬಸಿಗಾಲುವೆ ಮಾತ್ರ. ಈ ಮನೆಗಳವರು ಒಂದೇ ಮಳೆಗಾಲದಲ್ಲಿ ಎರಡು ಬಾರಿ, ಕೊಳೆ ರೋಗಕ್ಕೆ ಸಾಮೂಹಿಕವಾಗಿ ಔಷಧಿ ಹೊಡೆಸುವ ವಿಷಯದಲ್ಲಿ, ಮೊಬೈಲ್ ಫೋನು ಮತ್ತು ಹಂಚಿಕೊಂಡ ಲೆಕ್ಕದ ಹಾಳೆಯ ನೆರವಿನಿಂದ ತೀರ್ಮಾನ ಕೈಗೊಂಡರು. ಮೊದಲನೆಯ ತೀರ್ಮಾನ ಒಂದೇ ಸಂಜೆಯಲ್ಲಿ, ಒಂದೂ ವಿರೋಧವಿಲ್ಲದೆ ಆಯಿತು. ಕೆಲಸ ಆರಂಭವಾದ ಮೂರನೆಯ ದಿನಕ್ಕೆ ಮುರಿದುಬಿತ್ತು. ಎರಡನೆಯದು ನಾಲ್ಕೈದು ದಿನ ಹಿಡಿಯಿತು, ನಡುವೆ ಮಾತು ಬಿಸಿಯೂ ಆಯಿತು, ಆದರೆ ಕರೆಂಟಿಲ್ಲದ ಜುಲೈ ತಿಂಗಳ ಮಳೆಯಲ್ಲೂ ಕೊನೆಯ ತೋಟದವರೆಗೆ ನಡೆಯಿತು. ಎರಡೂ ಬಾರಿ ಜನ ಅವರೇ, ಫೋನುಗಳು ಅವೇ; ಬೇರೆಯಾದದ್ದು ಅವರು ಪರಸ್ಪರ ಮಾತಾಡಿಕೊಂಡ ಕ್ರಮ. ಆ ಕ್ರಮವನ್ನು ಬಿಡಿಸಿ ನೋಡುವುದು ಈ ಅಧ್ಯಯನದ ಉದ್ದೇಶ. ಮಲೆನಾಡಿನ ಇಂಥ ಗುಂಪುಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಕಲಿಕೆಯ ಅನುಕೂಲಕ್ಕಾಗಿ ಒಂದೇ ಕಣಿವೆಯ ಪ್ರಕರಣವಾಗಿ ಹೊಂದಿಸಲಾಗಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಸರಿ. ಹಾಗಾಗಿ ಊರಿನ ಮತ್ತು ಜನರ ಹೆಸರುಗಳು ಇಲ್ಲಿಲ್ಲ.

ತೀರ್ಮಾನ ಒಟ್ಟಾಗಿಯೇ ಏಕೆ ಆಗಬೇಕಿತ್ತು

ಕೊಳೆ ರೋಗಕ್ಕೆ ಕಾರಣವಾದ ಫೈಟಾಫ್ತೊರ ರೋಗಾಣು ಎಡೆಬಿಡದ ಮಳೆ, ತಂಪು ಹವೆ ಮತ್ತು ನಡುನಡುವೆ ಬರುವ ಬಿಸಿಲು ಕೂಡಿದಾಗ ಬೆಳೆಯುತ್ತದೆ, ಮಳೆಹನಿಯ ಸಿಡಿತ ಮತ್ತು ಗಾಳಿಯ ಜೊತೆ ಒಂದು ಗೊನೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಎಳೆಗಾಯಿ ನೀರುಂಡಂತಾಗಿ, ಬಿಳಿಯ ಬೂಸ್ಟು ಹಿಡಿದು ಉದುರುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಶಿಫಾರಸು ಮಾಡಿದ ಕಾಲದಿಂದ ಇಂದಿನವರೆಗೂ ಮಲೆನಾಡಿನ ಮುಖ್ಯ ರಕ್ಷಣೆ ಅದೇ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಕಂಡರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಕಲಸಿದ್ದನ್ನು ಅಂದೇ ಹೊಡೆದು ಮುಗಿಸಬೇಕು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು ಅದಾಗಿ 40ರಿಂದ 45 ದಿನಕ್ಕೆ, ಮಳೆ ಮುಂದುವರಿದರೆ ಮೂರನೆಯದು.

ಈ ವಿವರಗಳನ್ನು ಇಷ್ಟಾಗಿ ಹೇಳಲು ಕಾರಣವಿದೆ. ಇವೆಲ್ಲ ಕಣಿವೆಯ ಪ್ರತಿಯೊಬ್ಬರಿಗೂ ಗೊತ್ತಿದ್ದವು. ಔಷಧಿ ಯಾವುದು, ಪ್ರಮಾಣ ಎಷ್ಟು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ತಾಂತ್ರಿಕ ಜ್ಞಾನ ಪೂರ್ತಿ ಇದ್ದೂ ಗುಂಪಿನ ತೀರ್ಮಾನ ಮುರಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಒಂದು ತೋಟ ಔಷಧಿಯಿಲ್ಲದೆ ಉಳಿದರೆ ಪಕ್ಕದ ತೋಟಕ್ಕೆ ರೋಗದ ಮೂಲ ಅಲ್ಲೇ ಕುಳಿತಂತಾಗುತ್ತದೆ. ಅದಕ್ಕೂ ಮಿಗಿಲಾಗಿ, ಮರ ಹತ್ತಿ ಔಷಧಿ ಹೊಡೆಯಬಲ್ಲ ಕೊನೆಗಾರರು ಮಲೆನಾಡಿನಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಕಣಿವೆಗೆ ಬರುತ್ತಿದ್ದುದು ಒಂದೇ ತಂಡ. ಮರ ಹತ್ತುವವರ ಜೊತೆಗೆ ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಹೊಡೆಯುವವರೂ ಅದರಲ್ಲಿದ್ದರು. ಹಾಗಾಗಿ ಯಾವಾಗ ಆರಂಭಿಸುವುದು, ಯಾರ ತೋಟ ಮೊದಲು, ಖರ್ಚನ್ನು ಯಾವ ಆಧಾರದ ಮೇಲೆ ಹಂಚುವುದು ಎಂಬ ಮೂರು ವಿಷಯಗಳನ್ನು ಎಲ್ಲರೂ ಸೇರಿಯೇ ನಿರ್ಧರಿಸಬೇಕಿತ್ತು.

ಸೇರುವುದು ಸುಲಭವಿರಲಿಲ್ಲ. ನಾಲ್ಕೈದು ತೋಟಗಳ ಯಜಮಾನರು ಬೆಂಗಳೂರಿನಲ್ಲಿದ್ದರು. ಊರಿನಲ್ಲಿ ವಯಸ್ಸಾದ ತಂದೆತಾಯಿ ಮಾತ್ರ. ಕೊನೆಗಾರರ ತಂಡದ ಮುಖಂಡ ಇನ್ನೊಂದು ಊರಿನವರು. ನಗರದ ಕಂಪನಿಯ ಕೆಲಸವನ್ನು ಊರಿನ ಮನೆಯಿಂದಲೇ ಮಾಡುತ್ತಿದ್ದ ಯುವತಿಯೊಬ್ಬರು ಎಲ್ಲರನ್ನೂ ಒಂದು ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿ, ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ ತೆರೆದು ಸಂಯೋಜನೆಯ ಹೊಣೆ ಹೊತ್ತರು. ಇಂಥ ಕೆಲಸಕ್ಕೆ ಸಂಬಳವಿಲ್ಲ, ದೂರು ಮಾತ್ರ ಖಾತರಿ ಎಂದು ಗೊತ್ತಿದ್ದೂ ಒಪ್ಪಿಕೊಂಡ ಅವರ ಶ್ರಮವಿಲ್ಲದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

ಮೊದಲ ತೀರ್ಮಾನ

ಮೇ ತಿಂಗಳ ನಡುವೆ ಒಂದು ಸಂಜೆ ಗುಂಪಿನಲ್ಲಿ ಮತಕ್ಕೆ ಹಾಕಿದ ಪ್ರಶ್ನೆ ಹೀಗಿತ್ತು: ‘ಮೇ ಕೊನೆಯ ವಾರ ಶುರು ಮಾಡೋಣವೇ? ಕೆಳಗಿನ ತೋಟದಿಂದ ಮೇಲಕ್ಕೆ ಹೋಗುವುದು. ಖರ್ಚು ಎಕರೆವಾರು.’ ಉತ್ತರಕ್ಕೆ ಮೂರು ಆಯ್ಕೆಗಳು: ಹೌದು, ಬೇಡ, ಯಾವುದಾದರೂ ಸರಿ. ರಾತ್ರಿ ಊಟದ ಹೊತ್ತಿಗೆ ಬಹುಪಾಲು ಮನೆಗಳು ‘ಹೌದು’ ಒತ್ತಿದ್ದವು. ಕೆಲವರು ‘ಹೌದು’ ಮತ್ತು ‘ಯಾವುದಾದರೂ ಸರಿ’ ಎರಡನ್ನೂ ಒತ್ತಿದ್ದರು, ಏಕೆಂದರೆ ಒಂದಕ್ಕಿಂತ ಹೆಚ್ಚು ಉತ್ತರಕ್ಕೆ ಅಲ್ಲಿ ಅವಕಾಶವಿತ್ತು. ಉಳಿದವರಲ್ಲಿ ಕೆಲವರು ಹೆಬ್ಬೆರಳಿನ ಗುರುತು ಹಾಕಿದರು. ಇನ್ನು ಕೆಲವರಿಂದ ಏನೂ ಬರಲಿಲ್ಲ. ‘ಬೇಡ’ ಎಂದವರು ಯಾರೂ ಇಲ್ಲ. ಎಲ್ಲರೂ ಒಪ್ಪಿದ್ದಾರೆ ಎಂದು ಬರೆದು, ಹಾಳೆಯಲ್ಲಿ ತಂತಮ್ಮ ವಿಸ್ತೀರ್ಣ ತುಂಬುವಂತೆ ಕೇಳಲಾಯಿತು.

ಕೆಲಸ ಆರಂಭವಾದ ಮೇಲೆ ಒಂದೊಂದಾಗಿ ಹೊರಬಿದ್ದ ಸಂಗತಿಗಳು ಇವು. ಕೊನೆಗಾರರ ಮುಖಂಡ ಗುಂಪಿನಲ್ಲೇ ಇರಲಿಲ್ಲ. ಅವರ ಮಗನ ನಂಬರು ಇತ್ತು. ‘ಶುರು’ ಎಂದರೆ ಕೆಳಗಿನ ಎರಡು ಮೂರು ತೋಟ ಮುಗಿಸಿಕೊಡುವುದು ಎಂದು ತಿಳಿದು, ವಾರದ ಉಳಿದ ದಿನಗಳಿಗೆ ತೀರ್ಥಹಳ್ಳಿ ಕಡೆಯ ತೋಟಗಳಿಗೆ ಅವರು ಮಾತು ಕೊಟ್ಟಿದ್ದರು. ಮೇಲಿನ ತೋಟದವರು ಅದೇ ವಾರದಲ್ಲಿ ತಮ್ಮದೂ ಮುಗಿಯುತ್ತದೆ ಎಂದು ತಿಳಿದು ನೀರು ತುಂಬಿಸಿಕೊಂಡು ಕಾದಿದ್ದರು. ವಿಸ್ತೀರ್ಣದ ಕಾಲಮ್ಮಿನಲ್ಲಿ ಬೆಂಗಳೂರಿನವರು ಪಹಣಿಯ ಎಕರೆ ತುಂಬಿದ್ದರು, ಊರಿನಲ್ಲಿದ್ದವರಲ್ಲಿ ಕೆಲವರು ಮರದ ಲೆಕ್ಕ, ಇನ್ನು ಕೆಲವರು ಹೋದ ವರ್ಷ ಖರ್ಚಾದ ಬ್ಯಾರಲ್‌ಗಳ ಲೆಕ್ಕ ಹಾಕಿದ್ದರು. 2.7 ಮೀಟರ್ ಅಂತರದ ಹೊಸ ನೆಡುವಿಕೆಯಲ್ಲಿ ಎಕರೆಗೆ ಸುಮಾರು 550 ಮರ ಬರುತ್ತವೆ, ಆದರೆ ಅಜ್ಜಂದಿರ ಕಾಲದ ತೋಟಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹಾಳೆ ಮಾತ್ರ ಎಲ್ಲ ಅಂಕಿಗಳನ್ನೂ ಒಂದೇ ಸಾಲಿನಲ್ಲಿ ಕೂಡಿ ಕೆಳಗೆ ಒಂದು ಮೊತ್ತ ತೋರಿಸುತ್ತಿತ್ತು. ಆ ಮೊತ್ತದ ಮೇಲೆ ಸಹಕಾರ ಸಂಘದಿಂದ ಮೈಲುತುತ್ತ ತರಿಸಲಾಗಿತ್ತು.

ಮೂರನೆಯ ದಿನ ತಂಡ ಹೊರಟುಹೋಯಿತು. ಅದಾದ ಮೇಲೆ ಮಳೆ ಹಿಡಿಯಿತು. ಮೇಲಿನ ನಾಲ್ಕು ತೋಟಗಳಿಗೆ ಹೋಗುವ ದಾರಿಯಲ್ಲಿ ಹಳ್ಳಕ್ಕೆ ಒಂದು ಮರದ ಸಂಕವಿದೆ. ನೀರು ಏರಿದರೆ ಪಂಪು, ಬ್ಯಾರಲ್ ಹೊತ್ತು ಅದನ್ನು ದಾಟುವಂತಿಲ್ಲ. ಆ ತೋಟಗಳಿಗೆ ಮೊದಲ ಔಷಧಿ ಬಿದ್ದದ್ದು ಜೂನ್ ನಡುವಿನಲ್ಲಿ ಮಳೆ ಹೊಳವಾದಾಗ. ಅಷ್ಟರಲ್ಲಿ ತಡವಾಗಿತ್ತು, ಜುಲೈ ಆರಂಭಕ್ಕೆ ಅಲ್ಲಿ ಎಳೆಗಾಯಿ ಉದುರತೊಡಗಿತು.

ಒಪ್ಪಿಗೆ ಇತ್ತು, ತಿಳಿವಳಿಕೆ ಇರಲಿಲ್ಲ

ಕಂಪ್ಯೂಟರ್ ನೆರವಿನ ಗುಂಪು ತೀರ್ಮಾನ ಎಂಬ ಅಧ್ಯಯನ ಕ್ಷೇತ್ರ 1980ರ ದಶಕದಲ್ಲಿ ಬೆಳೆದಾಗ ಅದರ ಚಿತ್ರವೇ ಬೇರೆ ಇತ್ತು. ಅಮೆರಿಕದ ಅರಿಜೋನ ವಿಶ್ವವಿದ್ಯಾಲಯದಂಥ ಕಡೆ ವಿಶೇಷವಾಗಿ ಕಟ್ಟಿದ ಕೋಣೆ, ಪ್ರತಿಯೊಬ್ಬರ ಮುಂದೆ ಒಂದು ಕಂಪ್ಯೂಟರ್, ಎದುರಿಗೆ ದೊಡ್ಡ ಪರದೆ, ಸಭೆ ನಡೆಸಿಕೊಡುವ ಒಬ್ಬ ತರಬೇತಾದ ವ್ಯಕ್ತಿ. 1987ರಲ್ಲಿ ಡಿಸ್ಯಾಂಕ್ಟಿಸ್ ಮತ್ತು ಗ್ಯಾಲ್ಯೂಪ್ ಎಂಬ ಸಂಶೋಧಕರು ಇಂಥ ವ್ಯವಸ್ಥೆಗಳನ್ನು ಮೂರು ಹಂತಗಳಾಗಿ ವಿಂಗಡಿಸಿದರು: ಮಾತಿನ ಅಡೆತಡೆಗಳನ್ನು ನಿವಾರಿಸಿ, ಅಭಿಪ್ರಾಯ ಒಟ್ಟುಗೂಡಿಸಿ, ಮತ ಎಣಿಸುವಂಥವು ಮೊದಲ ಹಂತ, ಲೆಕ್ಕಾಚಾರ ಮತ್ತು ವಿಶ್ಲೇಷಣೆಯ ಮಾದರಿಗಳನ್ನು ಒದಗಿಸುವಂಥವು ಎರಡನೆಯ ಹಂತ, ಯಾರು ಯಾವಾಗ ಹೇಗೆ ಮಾತಾಡಬೇಕೆಂಬ ಕ್ರಮವನ್ನು ಯಂತ್ರವೇ ನಿರ್ದೇಶಿಸುವಂಥವು ಮೂರನೆಯ ಹಂತ. ಇಂದು ನಮ್ಮ ಕಿಸೆಯ ಫೋನಿನಲ್ಲಿರುವುದು ಬಹುಮಟ್ಟಿಗೆ ಆ ಮೊದಲ ಹಂತದ ವ್ಯವಸ್ಥೆ. ಕೋಣೆಯಲ್ಲಿದ್ದ ಆ ನಡೆಸಿಕೊಡುವ ವ್ಯಕ್ತಿ ಮಾತ್ರ ಇಲ್ಲಿ ಇಲ್ಲ, ಅವರ ಸ್ಥಾನದಲ್ಲಿ ಯಾರೂ ಇಲ್ಲ ಎಂಬುದು ನಮ್ಮ ಗಮನಕ್ಕೂ ಬರುವುದಿಲ್ಲ.

ಸಂವಾದದಲ್ಲಿ ಸಮಾನ ತಿಳಿವಳಿಕೆ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಅಭ್ಯಸಿಸಿದ ಹರ್ಬರ್ಟ್ ಕ್ಲಾರ್ಕ್ ಮತ್ತು ಅವರ ಸಹಲೇಖಕರ ವಿಚಾರ ಈ ಪ್ರಕರಣಕ್ಕೆ ನೇರವಾಗಿ ಒದಗುತ್ತದೆ. ಅವರ ಪ್ರಕಾರ ಒಬ್ಬರು ಮಾತಾಡಿದ ಮಾತ್ರಕ್ಕೆ ಸಂವಾದಕ್ಕೆ ಕೊಡುಗೆ ಸಂದಾಯವಾಗುವುದಿಲ್ಲ. ಕೇಳಿದವರು ತಮಗೆ ಅದು ಅರ್ಥವಾಗಿದೆ ಎಂಬುದಕ್ಕೆ ಏನಾದರೂ ಸಾಕ್ಷಿ ಕೊಟ್ಟು, ಆಡಿದವರು ಆ ಸಾಕ್ಷಿಯನ್ನು ಒಪ್ಪಿದಾಗ, ಸದ್ಯದ ಕೆಲಸಕ್ಕೆ ಸಾಕಾಗುವಷ್ಟರ ಮಟ್ಟಿಗೆ ಅದು ಇಬ್ಬರ ಸೊತ್ತಾಗುತ್ತದೆ. 1989ರಲ್ಲಿ ಕ್ಲಾರ್ಕ್ ಮತ್ತು ಶೇಫರ್ ಈ ಸಾಕ್ಷಿಗಳನ್ನು ದುರ್ಬಲದಿಂದ ಪ್ರಬಲದವರೆಗೆ ಸಾಲಾಗಿ ಇಟ್ಟರು: ಗಮನ ಕೊಟ್ಟು ಕೇಳುತ್ತಿರುವುದು, ಮುಂದಿನ ಸರಿಯಾದ ಮಾತಿಗೆ ಹೋಗುವುದು, ಹ್ಞೂಂಗುಟ್ಟುವುದು, ಅರ್ಥವಾದದ್ದನ್ನು ತನ್ನ ರೀತಿಯಲ್ಲಿ ಹೇಳಿ ಅಥವಾ ಮಾಡಿ ತೋರಿಸುವುದು, ಕೇಳಿದ್ದನ್ನು ಇದ್ದಂತೆಯೇ ತಿರುಗಿ ಒಪ್ಪಿಸುವುದು.

ಮೊದಲ ಸಂಜೆಯ ಮತ ಮತ್ತು ಹೆಬ್ಬೆರಳಿನ ಗುರುತು ಈ ಸಾಲಿನಲ್ಲಿ ಹ್ಞೂಂಗುಟ್ಟುವ ಮಟ್ಟವನ್ನು ದಾಟಲಿಲ್ಲ. ಜಗಲಿಯ ಮೇಲೆ ಕುಳಿತು ಮಾತಾಡುವಾಗ ಹ್ಞೂಂ ಸಾಕಾಗುತ್ತದೆ, ಏಕೆಂದರೆ ಅದರ ಜೊತೆಗೆ ಮುಖವಿದೆ, ತಡವರಿಕೆಯಿದೆ, ‘ಆದ್ರೆ ಒಂದ್ ವಿಷ್ಯ’ ಎಂದು ನಡುವೆ ಬಾಯಿ ಹಾಕುವ ಅವಕಾಶವಿದೆ. ಫೋನಿನ ಮೇಲೆ ಇವು ಯಾವುವೂ ಇಲ್ಲದೆ ಗುರುತು ಮಾತ್ರ ಬರುತ್ತದೆ, ಮತ್ತು ಯಂತ್ರ ಅದನ್ನು ಎಣಿಸಿ ತೋರಿಸುತ್ತದೆ. ನೋಡಿದೆ ಎಂಬುದಕ್ಕೂ, ಒಪ್ಪಿದೆ ಎಂಬುದಕ್ಕೂ, ನಾಳೆ ಏನು ಮಾಡಬೇಕೆಂದು ನನಗೆ ಗೊತ್ತಿದೆ ಎಂಬುದಕ್ಕೂ ಅಲ್ಲಿ ಒಂದೇ ಚಿಹ್ನೆ. ಎಣಿಕೆ ಸರಿಯಾಗಿತ್ತು, ಎಣಿಸಲ್ಪಟ್ಟದ್ದು ಏನೆಂಬುದು ಯಾರಿಗೂ ತಿಳಿದಿರಲಿಲ್ಲ.

ಮೌನದ ವಿಷಯ ಇನ್ನೂ ಸೂಕ್ಷ್ಮ. ದೂರದೂರದಲ್ಲಿದ್ದು ಒಟ್ಟಿಗೆ ಕೆಲಸ ಮಾಡುವ ತಂಡಗಳನ್ನು ಅಭ್ಯಸಿಸಿದ ಕ್ಯಾಥರೀನ್ ಕ್ರಾಮ್ಟನ್ 2001ರಲ್ಲಿ ಗುರುತಿಸಿದ ತೊಡಕುಗಳಲ್ಲಿ ಇದೂ ಒಂದು: ಉತ್ತರ ಬಾರದಿದ್ದಾಗ ಅದು ಒಪ್ಪಿಗೆಯೋ, ವಿರೋಧವೋ, ಉದಾಸೀನವೋ, ಸಂದೇಶ ತಲುಪದಿರುವುದೋ ಎಂದು ತಿಳಿಯುವುದಿಲ್ಲ, ಆದರೂ ಪ್ರತಿಯೊಬ್ಬರೂ ಅದಕ್ಕೆ ತಮಗೆ ತೋಚಿದ ಅರ್ಥ ಕೊಟ್ಟುಕೊಳ್ಳುತ್ತಾರೆ. ಮಲೆನಾಡಿನಲ್ಲಿ ಈ ತೊಡಕು ನಿತ್ಯದ್ದು. ಮೊದಲ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಗುಡ್ಡದ ಮೇಲಿನ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಸಿಗ್ನಲ್ ಸಿಗುವ ಮನೆಯವರ ಮೌನ, ಬೆಂಗಳೂರಿನಲ್ಲಿ ಕುಳಿತವರಿಗೆ ಸಮ್ಮತಿಯಾಗಿ ಕಂಡಿತು. ಗುಂಪಿನ ಸಂದೇಶದ ಗೆರೆಗಳು ನೀಲಿಯಾಗುವುದು ಎಲ್ಲರೂ ಓದಿದ ಮೇಲೆ ಮಾತ್ರ. ಆ ಸಂಜೆಯ ಸಂದೇಶ ಎಷ್ಟೋ ದಿನ ಬೂದು ಬಣ್ಣದಲ್ಲೇ ಇತ್ತು. ಆ ಮಾಹಿತಿ ಕಣ್ಣೆದುರಿಗಿದ್ದರೂ ಅದನ್ನು ಕೇಳುವ ಪ್ರಶ್ನೆ ಯಾರಲ್ಲೂ ಇರಲಿಲ್ಲ.

ಇನ್ನೊಂದು ಕೊರತೆ ಮಾಹಿತಿಯ ಹಂಚಿಕೆಯದು. ಗುಂಪಿನಲ್ಲಿ ಆ ದಿನಗಳಲ್ಲಿ ಹೆಚ್ಚು ಚರ್ಚೆಯಾದದ್ದು ಮೈಲುತುತ್ತದ ದರ ಮತ್ತು ಕೊನೆಗಾರರ ಕೂಲಿ. ಅವು ಎಲ್ಲರಿಗೂ ಗೊತ್ತಿದ್ದ ವಿಷಯಗಳು. ಸಂಕ ಯಾವಾಗ ಮುಳುಗುತ್ತದೆ ಎಂಬುದು ಆಚೆ ದಡದ ಎರಡು ಮನೆಗಳಿಗೆ ಮಾತ್ರ ಸರಿಯಾಗಿ ಗೊತ್ತಿತ್ತು, ತಂಡದ ಮುಂದಿನ ಒಪ್ಪಂದ ಮುಖಂಡರಿಗೆ ಮಾತ್ರ ಗೊತ್ತಿತ್ತು. ಅವೆರಡೂ ಬಾಯಿಗೆ ಬರಲೇ ಇಲ್ಲ. ಸ್ಟಾಸರ್ ಮತ್ತು ಟೈಟಸ್ 1985ರಲ್ಲಿ ಪ್ರಯೋಗದಿಂದ ತೋರಿಸಿದ್ದು ಇದನ್ನೇ: ಗುಂಪುಗಳು ಎಲ್ಲರಿಗೂ ಗೊತ್ತಿರುವುದನ್ನೇ ಮತ್ತೆ ಮತ್ತೆ ಚರ್ಚಿಸುತ್ತವೆ, ಒಬ್ಬೊಬ್ಬರಲ್ಲೇ ಉಳಿದ ಮಾಹಿತಿ, ಅದೆಲ್ಲ ಕೂಡಿದರೆ ತೀರ್ಮಾನವೇ ಬದಲಾಗುವಂತಿದ್ದರೂ, ಹೊರಬರುವುದು ಕಡಿಮೆ. ಸಂಕದ ಮಾತು ಮೇ ತಿಂಗಳಲ್ಲೇ ಬಂದಿದ್ದರೆ ‘ಕೆಳಗಿನಿಂದ ಮೇಲಕ್ಕೆ’ ಎಂಬ ಕ್ರಮ ಅಲ್ಲಿಗೇ ಬಿದ್ದುಹೋಗುತ್ತಿತ್ತು. ಮಳೆಗೆ ಮೊದಲು ಮುಗಿಸಬೇಕಾದದ್ದು ಮಳೆ ಬಂದರೆ ತಲುಪಲಾಗದ ತೋಟಗಳನ್ನೇ ಅಲ್ಲವೇ? ರಸ್ತೆಗೆ ಹತ್ತಿರವೆಂದು ಕೆಳಗಿನಿಂದ ಆರಂಭಿಸಿದ್ದು ಸಾಮಾನು ಸಾಗಿಸುವ ಅನುಕೂಲಕ್ಕೆ ಸರಿಯಿತ್ತು, ರೋಗದ ದೃಷ್ಟಿಯಿಂದ ತಲೆಕೆಳಗಾಗಿತ್ತು.

ಎರಡನೆಯ ತೀರ್ಮಾನ

ಜುಲೈ ಮೊದಲ ವಾರಕ್ಕೆ ಸ್ಥಿತಿ ಮೊದಲಿಗಿಂತ ಕಠಿಣವಾಗಿತ್ತು. ಕೆಳಗಿನ ತೋಟಗಳಿಗೆ 45ನೆಯ ದಿನ ಹತ್ತಿರ ಬಂದಿತ್ತು; ಮೇಲಿನ ತೋಟಗಳ ಲೆಕ್ಕ ಜುಲೈ ಕೊನೆಗೆ ಬರುತ್ತಿತ್ತು, ಆದರೆ ರೋಗ ಕಾಣಿಸಿಕೊಂಡದ್ದು ಅಲ್ಲಿಯೇ. ತಮ್ಮ ಸರದಿ ಮೊದಲು ಎಂದು ಕೆಳಗಿನವರು ಹೇಳುವುದರಲ್ಲಿ ನ್ಯಾಯವಿತ್ತು. ರೋಗವನ್ನು ಅದು ಇರುವಲ್ಲೇ ತಡೆಯದಿದ್ದರೆ ಎಲ್ಲರಿಗೂ ಬರುತ್ತದೆ ಎಂದು ಮೇಲಿನವರು ಹೇಳುವುದರಲ್ಲೂ ನ್ಯಾಯವಿತ್ತು. ಜೊತೆಗೆ ಮೇ ತಿಂಗಳ ಕಹಿ.

ಸಂಯೋಜಕಿ ಈ ಬಾರಿ ಮತದಿಂದ ಆರಂಭಿಸಲಿಲ್ಲ. ಹಾಳೆಯಲ್ಲಿ ಪ್ರತಿ ಮನೆಗೂ ಒಂದು ಸಾಲು ಕೊಟ್ಟು, ಮೊದಲ ಕಾಲಮ್ಮಿಗೆ ‘ನಿಮ್ಮ ತೋಟದ ಬಗ್ಗೆ ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ ಎನ್ನಿಸುವ ಸಂಗತಿ’ ಎಂದು ಶೀರ್ಷಿಕೆ ಹಾಕಿದರು. ಬರೆಯಲು ಒಗ್ಗದವರು ಧ್ವನಿ ಸಂದೇಶ ಕಳಿಸಿದರು. ಅದನ್ನು ಅವರು ಬರಹಕ್ಕಿಳಿಸಿ, ಕಳಿಸಿದವರಿಗೇ ಫೋನಿನಲ್ಲಿ ಓದಿಹೇಳಿ, ತಿದ್ದಿಸಿಕೊಂಡು, ಆಮೇಲೆ ಹಾಳೆಗೆ ಸೇರಿಸಿದರು. ಕೊನೆಗಾರರ ಮುಖಂಡರ ಮನೆಗೆ ಸ್ವತಃ ಹೋದರು. ಯಜಮಾನರೆಲ್ಲ ಕುಳಿತ ಸಭೆಯಲ್ಲಿ ಅವರು ಬಾಯಿ ಬಿಡುವುದು ಕಡಿಮೆ ಎಂಬುದು ಊರಿಗೇ ಗೊತ್ತಿದ್ದ ಮಾತು. ‘ಅಣ್ಣಾ, ನಿಮ್ಮ ವಾರ ಹೆಂಗಿದೆ ಹೇಳಿ, ನಮ್ಮದನ್ನ ಅದಕ್ಕೆ ಹೊಂದಿಸ್ತೀವಿ’ ಎಂದು ಕೇಳಿದಾಗ, ‘ಅಮ್ಮಾ, ಅವತ್ತು ಯಾರೂ ಹಿಂಗೆ ಕೇಳ್ಲಿಲ್ಲ’ ಎಂದು ಆರಂಭಿಸಿ ಅವರು ಒಂದೊಂದೇ ತೋಟದ ವಿಷಯ ಹೇಳಿದರು: ಯಾವ ತೋಟದ ಮರಗಳು ಪಾಚಿ ಕಟ್ಟಿ ಜಾರುತ್ತವೆ, ಎಲ್ಲಿ ದೋಟಿಗೆ ಎಟುಕದ ಎತ್ತರವಿದೆ, ಎಲ್ಲಿ ನೀರಿಗಾಗಿ ಅರ್ಧ ದಿನ ಹಾಳಾಗುತ್ತದೆ. ಅವರ ಹೆಸರಿನಲ್ಲೇ ಅದು ಹಾಳೆಯ ಮೇಲೆ ಬಂತು.

ಇಲ್ಲಿ ಒಂದು ಮಾತು ಹೇಳಬೇಕೆನ್ನಿಸುತ್ತದೆ. ಗುಂಪು ತೀರ್ಮಾನದ ವ್ಯವಸ್ಥೆಗಳಲ್ಲಿ ಹೆಸರು ಮರೆಮಾಚಿ ಅಭಿಪ್ರಾಯ ಪಡೆಯುವ ಸೌಲಭ್ಯವನ್ನು ದೊಡ್ಡ ಗುಣವೆಂದು ಎಣಿಸಲಾಗುತ್ತದೆ. ಮೇಲಧಿಕಾರಿಯ ಎದುರು ಕಿರಿಯರು ನಿರ್ಭಯವಾಗಿ ಹೇಳಲು ಅದು ನೆರವಾಗುತ್ತದೆ ಎಂಬುದು ನಿಜ. ಆದರೆ ಈ ಕಣಿವೆಯಲ್ಲಿ ಸಂಕದ ಮಾತಿಗೆ ತೂಕ ಬಂದದ್ದು ಅದನ್ನು ದಿನವೂ ದಾಟುವವರು ಹೇಳಿದ್ದರಿಂದ, ಪಾಚಿಯ ಮಾತಿಗೆ ತೂಕ ಬಂದದ್ದು ಮರ ಹತ್ತುವವರು ಹೇಳಿದ್ದರಿಂದ. ಯಾರಿಗೆ ಏನು ಗೊತ್ತು ಎಂಬುದು ಗುಂಪಿಗೆ ಮೊದಲೇ ತಿಳಿದಿದ್ದರೆ, ಒಬ್ಬರಲ್ಲೇ ಇರುವ ಮಾಹಿತಿ ಹೊರಬರುವುದು ಹೆಚ್ಚುತ್ತದೆ ಎಂದು ನಂತರದ ಪ್ರಯೋಗಗಳೂ ತೋರಿಸಿವೆ. ಒಬ್ಬರನ್ನೊಬ್ಬರು ತಲೆಮಾರುಗಳಿಂದ ಬಲ್ಲ ಊರಿನಲ್ಲಿ ಹೆಸರು ಅಡಗಿಸುವುದಕ್ಕಿಂತ, ಹೆಸರಿಟ್ಟು ಹೇಳಲು ಬೇಕಾದ ಧೈರ್ಯವನ್ನು ಸಭೆಯ ಮೊದಲೇ ಒದಗಿಸುವುದು ಮೇಲೆಂದು ನನ್ನ ಖಚಿತ ಅಭಿಪ್ರಾಯ.

ಹಾಳೆ ತುಂಬಲು ಮೂರು ದಿನ ಕೊಟ್ಟು, ನಾಲ್ಕನೆಯ ದಿನ ಒಂದು ಮನೆಯ ಜಗಲಿಯಲ್ಲಿ ಸೇರಿದರು. ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಹಾಕಿದರು. ಬೆಂಗಳೂರಿನವರು ವಿಡಿಯೊ ಕರೆಯಲ್ಲಿದ್ದರು, ಅದೇ ಹಾಳೆಯನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದಿದ್ದರು. ಡೆನ್ನಿಸ್, ಫುಲ್ಲರ್ ಮತ್ತು ವಲಾಸಿಚ್ 2008ರಲ್ಲಿ ಮಾಡಿದ ಒಂದು ವಿಂಗಡಣೆ ಈ ಎರಡು ಹಂತಗಳ ಅರ್ಥವನ್ನು ಚೆನ್ನಾಗಿ ಬಿಡಿಸುತ್ತದೆ. ಹೊಸ ಮಾಹಿತಿಯನ್ನು ತಲುಪಿಸುವುದು ಒಂದು ಬಗೆಯ ಕೆಲಸ. ಅದನ್ನು ಓದಿ ಯೋಚಿಸಲು ಸಮಯ ಬೇಕಾದ್ದರಿಂದ ತಂತಮ್ಮ ವೇಳೆಯಲ್ಲಿ ನೋಡಬಹುದಾದ ಮಾಧ್ಯಮ ಅದಕ್ಕೆ ಒಳ್ಳೆಯದು. ಆ ಮಾಹಿತಿಯ ಅರ್ಥದ ಬಗ್ಗೆ ಒಮ್ಮತಕ್ಕೆ ಬರುವುದು ಇನ್ನೊಂದು ಬಗೆಯ ಕೆಲಸ. ಅಲ್ಲಿ ತಕ್ಷಣ ಮಾತು, ತಕ್ಷಣ ತಿದ್ದುಪಡಿ ಬೇಕಾದ್ದರಿಂದ ಎಲ್ಲರೂ ಒಂದೇ ಹೊತ್ತಿಗೆ ಇರುವ ಮಾಧ್ಯಮ ಬೇಕು. ಮೇ ತಿಂಗಳಲ್ಲಿ ಮೊದಲನೆಯದು ಆಗಿರಲಿಲ್ಲ, ಎರಡನೆಯದನ್ನು ಒಂದು ಗುಂಡಿ ಒತ್ತಿ ಮುಗಿಸಲಾಗಿತ್ತು.

ಸಭೆಯಲ್ಲಿ ಮೂರು ವಿಷಯಗಳನ್ನು ಬಿಡಿಬಿಡಿಯಾಗಿ ತೆಗೆದುಕೊಂಡರು. ಮೊದಲು ಕ್ರಮ. ಒಪ್ಪಿಗೆಯೇ ಎಂದು ಕೇಳುವ ಬದಲು, ನಿಮ್ಮ ತೋಟದ ದಿನ ಬೆಳಿಗ್ಗೆಯಿಂದ ಏನೇನು ಆಗಬೇಕು ಹೇಳಿ ಎಂದು ಒಬ್ಬೊಬ್ಬರನ್ನೂ ಕೇಳಲಾಯಿತು. ಕ್ಲಾರ್ಕ್ ಹೇಳಿದ ಪ್ರಬಲ ಸಾಕ್ಷಿಯೆಂದರೆ ಇದೇ. ಉತ್ತರ ಕೊಡುತ್ತಿದ್ದಂತೆ ವ್ಯತ್ಯಾಸಗಳು ತಾವಾಗಿ ಹೊರಬಂದವು. ಸುಣ್ಣ ಸಂಘದಿಂದ ಬರುತ್ತದೆ ಎಂದು ಒಬ್ಬರು, ಮನೆಯಲ್ಲಿರುವುದನ್ನೇ ಬಳಸುವುದು ಎಂದು ಇನ್ನೊಬ್ಬರು. ಉದುರಿದ ಕಾಯಿಯನ್ನು ಹೆಕ್ಕಿ ಸುಡುವುದು ಔಷಧಿಗೆ ಮೊದಲು ಎಂದು ಒಬ್ಬರು, ಅದು ಯಾರ ಕೆಲಸ ಎಂಬುದನ್ನೇ ಯೋಚಿಸದ ಇನ್ನೊಬ್ಬರು. ಪ್ರತಿಯೊಂದನ್ನೂ ಅಲ್ಲೇ ಬಗೆಹರಿಸಿ, ಎಲ್ಲರ ಕಣ್ಣೆದುರಿಗೇ ಹಾಳೆಯಲ್ಲಿ ಬರೆಯಲಾಯಿತು. ಆಡಿದ ಮಾತು ಗಾಳಿಗೆ ಹೋಗದೆ ಬರಹವಾಗಿ ನಿಲ್ಲುವುದು, ಮತ್ತು ಬರೆದದ್ದನ್ನು ಆಡಿದವರೇ ‘ಹಾಗಲ್ಲ’ ಎಂದು ತಿದ್ದಿಸಬಹುದಾಗಿರುವುದು ಇಲ್ಲಿ ಕಂಪ್ಯೂಟರ್ ಮಾಡಿದ ನಿಜವಾದ ಉಪಕಾರ. ಬರಿಯ ಜಗಲಿ ಸಭೆಯಲ್ಲಿ ಇದು ಆಗುವುದಿಲ್ಲ. ಸಭೆ ಮುಗಿದು ಮೆಟ್ಟಿಲಿಳಿಯುವಷ್ಟರಲ್ಲಿ ಏನು ತೀರ್ಮಾನವಾಯಿತೆಂಬುದಕ್ಕೆ ನಾಲ್ಕು ಆವೃತ್ತಿಗಳಿರುತ್ತವೆ.

ದಿನಾಂಕದ ವಿಷಯಕ್ಕೆ ಬಂದಾಗ ಮಾತು ಬಿಸಿಯಾಯಿತು. ನಗರದಲ್ಲಿದ್ದವರಿಗೆ ಊರಿಗೆ ಬರಲು ರಜೆ ಹಾಕಬೇಕಿತ್ತು, ಅದಕ್ಕೆ ನಿಶ್ಚಿತ ತಾರೀಖು ಬೇಕಿತ್ತು. ಆಚೆ ದಡದ ಮನೆಯ ಹಿರಿಯರೊಬ್ಬರು, ಪುನರ್ವಸು ಮಳೆಯಲ್ಲಿ ತಾರೀಖು ಹೇಳುವವರು ಹಳ್ಳವನ್ನು ನೋಡಿಲ್ಲ ಎಂದರು. ಸಂಕದ ಕೆಳಗೆ ಹಳ್ಳದ ನಡುವೆ ಒಂದು ಕರಿಬಂಡೆಯಿದೆ, ಬೆಳಿಗ್ಗೆ ಅದರ ತಲೆ ಕಂಡರೆ ಅಂದು ದಾಟಬಹುದು, ಕಾಣದಿದ್ದರೆ ದಾಟಬಾರದು ಎಂದು ಅವರು ವಿವರಿಸಿದ ಮೇಲೆ ಇಡೀ ಚರ್ಚೆಯ ದಿಕ್ಕು ಬದಲಾಯಿತು. ತೀರ್ಮಾನ ತಾರೀಖಿನ ರೂಪ ಬಿಟ್ಟು ಷರತ್ತಿನ ರೂಪ ಪಡೆಯಿತು: ಹೊಳವಿನ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೆ ಹತ್ತಿರದ ಮನೆಯವರು ಬಂಡೆಯ ಫೋಟೊ ಗುಂಪಿಗೆ ಹಾಕಬೇಕು, ಬಂಡೆ ಕಂಡರೆ ತಂಡ ಮೇಲಿನ ತೋಟಕ್ಕೆ, ಕಾಣದಿದ್ದರೆ ಕೆಳಗಿನ ಸರದಿಯಲ್ಲಿ ಮುಂದಿನ ತೋಟಕ್ಕೆ. ರೋಗ ಬಂದ ತೋಟಕ್ಕೆ ಆದ್ಯತೆಯೂ ಸಿಕ್ಕಿತು, ಕೆಳಗಿನವರ ದಿನಗಳೂ ವ್ಯರ್ಥವಾಗಲಿಲ್ಲ. ಒಂದು ಮತದಾನದ ಆಯ್ಕೆಗಳ ಪಟ್ಟಿಯಲ್ಲಿ ಇಂಥ ಪರಿಹಾರ ಎಂದೂ ಇರುವುದಿಲ್ಲ, ಏಕೆಂದರೆ ಪಟ್ಟಿ ತಯಾರಿಸುವವರಿಗೆ ಆ ಬಂಡೆಯ ವಿಷಯ ಗೊತ್ತಿರುವುದಿಲ್ಲ. ಫೋಟೊ ಎಂಬ ಸಾಮಾನ್ಯ ಸೌಲಭ್ಯ, ಬೆಂಗಳೂರಿನವರಿಗೂ ತೀರ್ಥಹಳ್ಳಿಯ ದಾರಿಯಲ್ಲಿದ್ದ ಮುಖಂಡರಿಗೂ ಒಂದೇ ಹಳ್ಳವನ್ನು ಒಂದೇ ಹೊತ್ತಿಗೆ ತೋರಿಸಿತು.

ಇದರ ಜೊತೆಗೆ ಎರಡು ಕಟ್ಟಳೆಗಳನ್ನು ಮಾಡಿಕೊಂಡರು. ಹೆಬ್ಬೆರಳಿನ ಗುರುತು ನೋಡಿದ್ದಕ್ಕೆ ಮಾತ್ರ. ಒಪ್ಪಿಗೆಯಾದರೆ ತಮ್ಮ ಸರದಿ ಮತ್ತು ಸಿದ್ಧತೆಯನ್ನು ಬರೆದೋ ಧ್ವನಿ ಸಂದೇಶವಾಗಿಯೋ ಕಳಿಸಬೇಕು. ಸಂಜೆಯೊಳಗೆ ಉತ್ತರ ಬಾರದ ಮನೆಗೆ ಪಕ್ಕದ ತೋಟದವರು ನಡೆದುಹೋಗಿ ಕೇಳಿಕೊಂಡು ಬರಬೇಕು. ಈ ಎರಡನೆಯ ಕಟ್ಟಳೆಯನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಜಾಲ ಕಡಿದುಹೋಗುವ ಜಾಗದಲ್ಲಿ ಆ ಕಡಿತವನ್ನು ಯಾರು, ಯಾವ ಹೊತ್ತಿಗೆ, ಹೇಗೆ ತುಂಬುತ್ತಾರೆ ಎಂಬುದು ವ್ಯವಸ್ಥೆಯ ಭಾಗವೇ ಆಗಿರಬೇಕು. ಅದನ್ನು ಜನರ ಸೌಜನ್ಯಕ್ಕೆ ಬಿಟ್ಟರೆ ಮಳೆಗಾಲದಲ್ಲಿ ಅದು ಆಗುವುದಿಲ್ಲ.

ಕೆಲಸ ನಡೆದ ರೀತಿ ಮತ್ತು ಉಳಿದ ತಕರಾರು

ಕೆಲಸ ಎರಡು ವಾರ ಹಿಡಿಯಿತು. ನಡುವೆ ಪೂರ್ತಿ ಕರೆಂಟಿಲ್ಲದ ದಿನಗಳು ಬಂದವು. ಆಗ ಬಂಡೆಯ ಸುದ್ದಿ ಬಾಯಿಂದ ಬಾಯಿಗೆ ಹೋಯಿತು, ಫೋಟೊ ಆಮೇಲೆ ಬಂತು. ಹಾಗೆ ನಡೆಯಲು ಸಾಧ್ಯವಾದದ್ದು ನಿಯಮದ ಹಿಂದಿನ ಕಾರಣ ಎಲ್ಲರಿಗೂ ತಿಳಿದಿದ್ದರಿಂದ. ಒಂದು ದಿನ ಬಂಡೆ ಕಂಡಿದ್ದರೂ ಮೇಲೆ ಗುಡ್ಡದಲ್ಲಿ ಮಳೆ ಕಟ್ಟಿದ್ದನ್ನು ನೋಡಿ ಮುಖಂಡರು ತಾವಾಗಿಯೇ ಕೆಳಗಿನ ತೋಟಕ್ಕೆ ಹೋದರು. ಯಾರೂ ಅದನ್ನು ಮಾತು ತಪ್ಪಿದ್ದೆಂದು ಎಣಿಸಲಿಲ್ಲ.

ಖರ್ಚಿನ ವಿಷಯ ಮಾತ್ರ ಪೂರ್ತಿ ಬಗೆಹರಿಯಲಿಲ್ಲ. ಖರ್ಚಾದ ಬ್ಯಾರಲ್ ಲೆಕ್ಕದಲ್ಲಿ ಹಂಚುವುದೆಂದು ಸಭೆಯಲ್ಲಿ ನಿಂತಿತು, 200 ಲೀಟರಿನ ಬ್ಯಾರಲ್ ಎಂದು ಗಾತ್ರವನ್ನೂ ಬರೆದುಕೊಂಡರು. ಕೆಲಸ ಮುಗಿದ ಮೇಲೆ ಒಂದು ಮನೆಯವರು ತಮ್ಮ ಹೆಸರಿನ ಮುಂದಿನ ಅಂಕಿಯನ್ನು ಯಾರೋ ಹೆಚ್ಚಿಸಿದ್ದಾರೆ ಎಂದರು. ಹಾಳೆಯ ಬದಲಾವಣೆಗಳ ಇತಿಹಾಸವನ್ನು ತೆರೆದು ನೋಡಿದಾಗ, ಅದೇ ಮನೆಯ ಮಗ ಬೆಂಗಳೂರಿನಿಂದ ಅದನ್ನು ತಿದ್ದಿದ್ದು ಕಂಡಿತು. ಊರಿನಲ್ಲಿದ್ದ ತಂದೆ ಫೋನಿನಲ್ಲಿ ಹೇಳಿದ್ದನ್ನೇ ಅವನು ತುಂಬಿದ್ದ. ದಾಖಲೆ ಜಗಳವನ್ನು ನಿಲ್ಲಿಸಿತು. ಬ್ಯಾರಲ್ ಲೆಕ್ಕ ನ್ಯಾಯವೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು: ಎತ್ತರದ ಹಳೆಯ ಮರಗಳ ತೋಟಕ್ಕೆ ಕೂಲಿ ಹೆಚ್ಚು ಬೀಳುತ್ತದೆ, ಔಷಧಿ ಅಷ್ಟೇ ಖರ್ಚಾಗುತ್ತದೆ. ಎಕರೆ, ಮರ, ಬ್ಯಾರಲ್, ಕೂಲಿಯ ದಿನ ಇವುಗಳಲ್ಲಿ ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳುವುದೆಂದು ಕೊಯ್ಲು ಮುಗಿದ ಮೇಲೆ ಮತ್ತೆ ಸೇರಿ ನೋಡುವುದು, ಅದಕ್ಕೆ ಮುಂಚೆ ಕೊನೆ ಕೊಯ್ಯುವಾಗಲೇ ಪ್ರತಿ ತೋಟದ ಮರಗಳನ್ನು ಕೊನೆಗಾರರ ತಂಡದಿಂದಲೇ ಎಣಿಸಿ ಹಾಳೆಗೆ ಸೇರಿಸುವುದು, ಆ ಎಣಿಕೆಗೆ ತಂಡಕ್ಕೆ ಪ್ರತ್ಯೇಕ ಕೂಲಿ ಕೊಡುವುದು ಎಂದು ಗುಂಪು ನಿರ್ಧರಿಸಿದೆ. ಆ ಸಭೆಯ ಕರೆಯನ್ನು ಈ ಬಾರಿ ಮಗನ ನಂಬರಿಗೆ ಬಿಡದೆ, ಮುಖಂಡರ ಮನೆಗೇ ಹೋಗಿ ಹೇಳಿಬರುವುದೆಂದು ಹಾಳೆಯ ಕೊನೆಯ ಸಾಲಿನಲ್ಲಿ ಬರೆಯಲಾಗಿದೆ.